ತಂತ್ರಾಂಶಕ್ಕೆ ಪೇಟೆಂಟ್: ಕಾನೂನು ಕೊಡುವುದೇನು, ಕೊಡದಿರುವುದೇನು?

ಗಂಗಾವತಿ ತಾಲ್ಲೂಕಿನ ವಿರೂಪಾಪುರಗಡ್ಡೆ ತುಂಗಭದ್ರೆಯ ಮಡಿಲಿನಲ್ಲಿರುವ ಒಂದು ನಡುಗಡ್ಡೆ. ಹೊಳೆಯ ಆಚೆ ದಡದಲ್ಲಿ ಹಂಪಿ. ದೇಶವಿದೇಶಗಳ ಪ್ರವಾಸಿಗರು ಅನೇಕ ವರ್ಷಗಳ ಕಾಲ ಹೊಳೆ ದಾಟಿ ಇಲ್ಲಿ ಬಂದು ತಂಗುತ್ತಿದ್ದರು. ಅವರನ್ನು ನಂಬಿ ರೆಸಾರ್ಟುಗಳು, ಊಟದ ಮನೆಗಳು, ಸಣ್ಣಪುಟ್ಟ ಅಂಗಡಿಗಳು ತಲೆಯೆತ್ತಿದ್ದವು. ಈ ಪ್ರದೇಶವು 1988ರ ಸರ್ಕಾರಿ ಅಧಿಸೂಚನೆಯ ಪ್ರಕಾರ ಸಂರಕ್ಷಿತ ವಲಯಕ್ಕೆ ಸೇರಿದ್ದು, ಅಲ್ಲಿನ ಕಟ್ಟಡಗಳು ಅನಧಿಕೃತವೆಂಬ ನಿಲುವನ್ನು ಸರ್ವೋಚ್ಚ ನ್ಯಾಯಾಲಯವು 2020ರ ಫೆಬ್ರವರಿ 11ರಂದು ಎತ್ತಿಹಿಡಿಯಿತು. ಮರುತಿಂಗಳೇ ಕಟ್ಟಡಗಳ ತೆರವು ಕಾರ್ಯ ನಡೆಯಿತು. ಹೂಡಿದ ಹಣ, ದುಡಿದ ವರ್ಷಗಳು, ಗಳಿಸಿದ ಗಿರಾಕಿ ಇವಾವುವೂ ಹಕ್ಕಿನ ಸ್ಥಾನದಲ್ಲಿ ನಿಲ್ಲಲಿಲ್ಲ.

ಈ ಪ್ರಕರಣವು ಭೂಮಿ ಹಾಗೂ ಸ್ಮಾರಕಗಳಿಗೆ ಸಂಬಂಧಿಸಿದ್ದು. ಆದರೆ ಅದರಿಂದ ದೊರೆಯುವ ವ್ಯಾವಹಾರಿಕ ಪಾಠ ಭೂಮಿಗಷ್ಟೇ ಸೀಮಿತವಲ್ಲ. ಬಂಡವಾಳ ಹೂಡಿದ ಮಾತ್ರಕ್ಕೆ ಹಕ್ಕು ಹುಟ್ಟುವುದಿಲ್ಲ. ಹಕ್ಕು ಯಾವುದೆಂಬುದನ್ನು ಖಚಿತಪಡಿಸಿಕೊಂಡ ಮೇಲೆ ಬಂಡವಾಳ ಹೂಡಬೇಕು. ಜಮೀನಾದರೆ ಪಹಣಿಯುಂಟು, ಸರ್ವೆ ನಂಬರುಂಟು, ಕಣ್ಣಿಗೆ ಕಾಣುವ ಬದುವುಂಟು. ಇಂದಿನ ಉದ್ಯಮಿಯು ಗಣನೀಯ ಹಣವನ್ನು ತೊಡಗಿಸುತ್ತಿರುವ ಇನ್ನೊಂದು ಆಸ್ತಿಗೆ ಇವಾವುವೂ ಇಲ್ಲ. ಆ ಆಸ್ತಿಯೇ ತಂತ್ರಾಂಶ. ಅದರ ಬದು ಎಲ್ಲಿದೆ, ಅದರ ಮೇಲೆ ಯಾರಿಗೆ ಯಾವ ಹಕ್ಕಿದೆ, ಅದಕ್ಕೆ ಪೇಟೆಂಟ್ ದೊರೆಯುವುದೇ ಎಂಬ ಪ್ರಶ್ನೆಗಳಿಗೆ ಭಾರತೀಯ ಕಾನೂನು ನೀಡುವ ಉತ್ತರವನ್ನು ವಾಣಿಜ್ಯೋದ್ಯಮಿಗಳು ತಿಳಿದಿರುವುದು ಅವಶ್ಯಕ.

ಗಿರಣಿಯ ಅಂಗಳದಲ್ಲಿ ತಂತ್ರಾಂಶ

ತಂತ್ರಾಂಶವೆಂದರೆ ಬೆಂಗಳೂರಿನ ಕಂಪನಿಗಳ ವಿಷಯ, ಕೊಪ್ಪಳ ಜಿಲ್ಲೆಗೆ ಅದರ ಗೊಡವೆ ಏಕೆ ಎಂಬ ಭಾವನೆ ಸರಿಯಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಬೆಳೆದ ಭತ್ತ ಗಂಗಾವತಿ, ಕಾರಟಗಿಯ ಅಕ್ಕಿ ಗಿರಣಿಗಳಿಗೆ ಬರುತ್ತದೆ. ಅಲ್ಲಿ ಮಿಲ್ಲಿನವರು ‘ಸಾರ್ಟೆಕ್ಸ್’ ಎಂದೇ ಕರೆಯುವ ಬಣ್ಣ ವಿಂಗಡಣಾ ಯಂತ್ರವಿದೆ. ಇಳಿಜಾರಿನ ತಗಡಿನ ಮೇಲೆ ಜಾರಿ ಬರುವ ಕಾಳುಗಳನ್ನು ಕ್ಯಾಮೆರಾ ನೋಡುತ್ತದೆ, ಯಂತ್ರದೊಳಗಿನ ತಂತ್ರಾಂಶವು ಕಪ್ಪು ಅಥವಾ ಹಳದಿ ಕಾಳನ್ನು ಗುರುತಿಸುತ್ತದೆ, ಗಾಳಿಯ ಸೂಕ್ಷ್ಮ ಕೊಳವೆಯು ಅದೊಂದನ್ನೇ ಊದಿ ಹೊರಗೆ ತಳ್ಳುತ್ತದೆ. ಇದೇ ಗಿರಣಿಯ ಕಚೇರಿಯಲ್ಲಿ ಭತ್ತದ ಲಾಟು, ತೇವಾಂಶದ ಕಡಿತ, ಹಮಾಲಿ, ದಲಾಲಿ, ನುಚ್ಚು, ತೌಡುಗಳ ಲೆಕ್ಕವನ್ನು ಮತ್ತೊಂದು ತಂತ್ರಾಂಶ ನೋಡಿಕೊಳ್ಳುತ್ತದೆ. ಕುಷ್ಟಗಿ, ಯಲಬುರ್ಗಾ ಕಡೆಯ ದಾಳಿಂಬೆ ತೋಟಗಳ ಹನಿ ನೀರಾವರಿಗೂ, ಪ್ರವಾಸಿ ತಾಣಗಳ ಕೊಠಡಿ ಕಾಯ್ದಿರಿಸುವಿಕೆಗೂ ಈಗ ತಂತ್ರಾಂಶ ಬಳಸಬಹುದಾಗಿದೆ.

ಬೌದ್ಧಿಕ ಆಸ್ತಿಯೆಂಬ ಮಾತೂ ಈ ಜಿಲ್ಲೆಗೆ ಹೊಸದಲ್ಲ. ಕಿನ್ನಾಳದ ಬಣ್ಣದ ಗೊಂಬೆಗಳು ಭೌಗೋಳಿಕ ಸೂಚಿಕೆಯ ನೋಂದಣಿಯನ್ನು ಪಡೆದಿವೆ. ಆದರೆ ಗೊಂಬೆಗೆ ಅನ್ವಯಿಸುವ ಕಾನೂನು ಬೇರೆ, ಗಣಕಯಂತ್ರದ ಕ್ರಮವಿಧಿಗೆ ಅನ್ವಯಿಸುವ ಕಾನೂನು ಬೇರೆ. ತಂತ್ರಾಂಶದ ವಿಷಯದಲ್ಲಿ ಎರಡು ಅಧಿನಿಯಮಗಳನ್ನು ಒಟ್ಟಿಗೆ ಓದಬೇಕಾಗುತ್ತದೆ: 1957ರ ಕೃತಿಸ್ವಾಮ್ಯ ಅಧಿನಿಯಮ ಮತ್ತು 1970ರ ಪೇಟೆಂಟ್ ಅಧಿನಿಯಮ.

ಎರಡು ಪದಗಳ ಸುತ್ತ ಒಂದು ಚರಿತ್ರೆ

1970ರ ಪೇಟೆಂಟ್ ಅಧಿನಿಯಮವು 1972ರ ಏಪ್ರಿಲ್ 20ರಂದು ಜಾರಿಗೆ ಬಂದಾಗ ಅದರಲ್ಲಿ ಗಣಕಯಂತ್ರದ ಪ್ರಸ್ತಾಪವೇ ಇರಲಿಲ್ಲ. 1995ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ‘ಟ್ರಿಪ್ಸ್’ ಒಪ್ಪಂದ ಜಾರಿಯಾಯಿತು. ತಂತ್ರಜ್ಞಾನದ ಎಲ್ಲ ಕ್ಷೇತ್ರಗಳ ಆವಿಷ್ಕಾರಗಳಿಗೂ ಪೇಟೆಂಟ್ ದೊರೆಯುವಂತಿರಬೇಕೆಂದು ಅದರ 27ನೆಯ ವಿಧಿ ಹೇಳುತ್ತದೆ. ಅದೇ ಒಪ್ಪಂದದ 10ನೆಯ ವಿಧಿಯು ಗಣಕ ಕ್ರಮವಿಧಿಗಳನ್ನು ಸಾಹಿತ್ಯ ಕೃತಿಗಳಂತೆ ರಕ್ಷಿಸಬೇಕೆನ್ನುತ್ತದೆ. ತಂತ್ರಾಂಶವನ್ನು ಯಂತ್ರವೆಂದು ಎಣಿಸಬೇಕೋ ಬರಹವೆಂದು ಎಣಿಸಬೇಕೋ ಎಂಬ ಗೊಂದಲಕ್ಕೆ ಹೀಗೆ ಅಂತರರಾಷ್ಟ್ರೀಯ ಒಪ್ಪಂದದಲ್ಲಿಯೇ ಎಡೆ ದೊರೆಯಿತು.

ಭಾರತದ ಸಂಸತ್ತು 2002ರ ತಿದ್ದುಪಡಿಯ ಮೂಲಕ ತನ್ನ ಉತ್ತರವನ್ನು ನೀಡಿತು. 2003ರ ಮೇ 20ರಿಂದ ಜಾರಿಗೆ ಬಂದ 3(ಕೆ) ಕಲಮಿನ ಪ್ರಕಾರ ಗಣಿತದ ವಿಧಾನ, ವ್ಯವಹಾರ ವಿಧಾನ, ಅಲ್ಗಾರಿದಮ್ ಹಾಗೂ ‘ಪರ್ ಸೇ’ ಗಣಕ ಕ್ರಮವಿಧಿ ಇವು ಆವಿಷ್ಕಾರಗಳಲ್ಲ. ಆದ್ದರಿಂದ ಪೇಟೆಂಟಿಗೆ ಅರ್ಹವಲ್ಲ. ‘ಪರ್ ಸೇ’ ಎಂಬ ಎರಡು ಲ್ಯಾಟಿನ್ ಪದಗಳಿಗೆ ‘ತಾನೇ ತಾನಾಗಿ’, ‘ಕೇವಲ ಅದಾಗಿಯೇ’ ಎಂದು ಅರ್ಥ. ಈ ಪದಗಳನ್ನು ಸೇರಿಸಲು ಸೂಚಿಸಿದ ಸಂಸದೀಯ ಜಂಟಿ ಸಮಿತಿಯು ಕಾರಣವನ್ನೂ ತಿಳಿಸಿತ್ತು. ಕ್ರಮವಿಧಿಯ ಜೊತೆಗೆ ಅದಕ್ಕೆ ಪೂರಕವಾದ ಅಥವಾ ಅದರ ಆಧಾರದ ಮೇಲೆ ಬೆಳೆದ ಬೇರೆ ಅಂಶಗಳಿರಬಹುದು. ಅವು ಆವಿಷ್ಕಾರಗಳೇ ಆಗಿದ್ದಲ್ಲಿ ಕ್ರಮವಿಧಿಯ ಸಂಗ ಮಾಡಿದ ಕಾರಣಕ್ಕೆ ಅವುಗಳನ್ನು ತಿರಸ್ಕರಿಸಬಾರದು ಎಂಬುದು ಸಮಿತಿಯ ಆಶಯ.

ಮುಂದೆ 2004ರ ಡಿಸೆಂಬರಿನಲ್ಲಿ ಹೊರಬಿದ್ದ ಸುಗ್ರೀವಾಜ್ಞೆಯು ಬಾಗಿಲನ್ನು ಇನ್ನಷ್ಟು ತೆರೆಯಿತು. ಕೈಗಾರಿಕೆಗೆ ತಾಂತ್ರಿಕವಾಗಿ ಅನ್ವಯವಾಗುವ ಅಥವಾ ಯಂತ್ರಾಂಶದೊಡನೆ ಕೂಡಿಕೊಂಡ ಕ್ರಮವಿಧಿಗಳನ್ನು ಅದು ನಿಷೇಧದಿಂದ ಹೊರಗಿಟ್ಟಿತು. ಆದರೆ 2005ರಲ್ಲಿ ಸುಗ್ರೀವಾಜ್ಞೆಯ ಸ್ಥಾನಕ್ಕೆ ಬಂದ ತಿದ್ದುಪಡಿ ಅಧಿನಿಯಮದಲ್ಲಿ ಸಂಸತ್ತು ಈ ಬದಲಾವಣೆಯನ್ನು ಕೈಬಿಟ್ಟಿತು. ಆದುದರಿಂದ 2002ರ ಮಾತುಗಳೇ ಇಂದಿಗೂ ಕಾನೂನಾಗಿ ಉಳಿದಿವೆ. ಯಂತ್ರಾಂಶವೊಂದಕ್ಕೆ ತಂತ್ರಾಂಶವನ್ನು ಜೋಡಿಸಿದ ಮಾತ್ರಕ್ಕೆ ಪೇಟೆಂಟ್ ದೊರೆಯುತ್ತದೆಂಬ ವಾದಕ್ಕೆ ಸಂಸತ್ತು ಮನ್ನಣೆ ನೀಡಿಲ್ಲವೆಂಬುದನ್ನು ಈ ಇತಿಹಾಸ ತಿಳಿಸುತ್ತದೆ.

ಮಾರ್ಗಸೂಚಿಗಳ ತೂಗಾಟ

ಕಾನೂನಿನ ಮಾತು ಚಿಕ್ಕದಾದಷ್ಟೂ ಅದರ ವ್ಯಾಖ್ಯಾನ ದೊಡ್ಡದಾಗುತ್ತದೆ. ಪೇಟೆಂಟ್ ಕಚೇರಿಯು 2015ರ ಆಗಸ್ಟಿನಲ್ಲಿ ಗಣಕ ಸಂಬಂಧಿ ಆವಿಷ್ಕಾರಗಳ ಪರಿಶೀಲನೆಗೆ ಮಾರ್ಗಸೂಚಿಯನ್ನು ಹೊರಡಿಸಿತು. ಅದು ತಂತ್ರಾಂಶ ಪೇಟೆಂಟುಗಳಿಗೆ ಅತಿಯಾದ ಅವಕಾಶ ನೀಡುತ್ತದೆಂದು ಬೆಂಗಳೂರಿನ ತಂತ್ರಾಂಶ ಉತ್ಪನ್ನ ಉದ್ಯಮದ ಸಂಘಟನೆಯಾದ ಐಸ್ಪಿರಿಟ್ ಸೇರಿದಂತೆ ಹಲವರು ಆಕ್ಷೇಪಿಸಿದರು. ಡಿಸೆಂಬರಿನಲ್ಲಿ ಮಾರ್ಗಸೂಚಿಯನ್ನು ತಡೆಹಿಡಿಯಲಾಯಿತು. 2016ರ ಫೆಬ್ರವರಿಯ ಪರಿಷ್ಕೃತ ಮಾರ್ಗಸೂಚಿಯು ಇನ್ನೊಂದು ತುದಿಗೆ ಸರಿದು, ತಂತ್ರಾಂಶದೊಡನೆ ಹೊಸ ಯಂತ್ರಾಂಶವೂ ಇರಬೇಕೆಂದು ವಿಧಿಸಿತು. 2017ರ ಜೂನ್ 30ರ ಮಾರ್ಗಸೂಚಿಯಲ್ಲಿ ಆ ನಿಬಂಧನೆಯೂ ಮಾಯವಾಯಿತು. 2025ರಲ್ಲಿ ಮತ್ತೊಮ್ಮೆ ಹೊಸ ಮಾರ್ಗಸೂಚಿ ಪ್ರಕಟವಾಗಿದೆ. ಮಾರ್ಗಸೂಚಿಯು ಪರಿಶೀಲನಾಧಿಕಾರಿಗೆ ದಾರಿ ತೋರುವ ಸಾಧನವೇ ಹೊರತು ಸಂಸತ್ತಿನ ಕಾನೂನನ್ನು ಮೀರುವಂತಿಲ್ಲ.

ನ್ಯಾಯಾಲಯಗಳ ತೀರ್ಪುಗಳು ಇದಕ್ಕಿಂತ ಸ್ಥಿರವಾದ ದಿಕ್ಕನ್ನು ತೋರಿವೆ. ಫರೀದ್ ಅಲ್ಲಾನಿ ಪ್ರಕರಣದಲ್ಲಿ ದೆಹಲಿ ಉಚ್ಚ ನ್ಯಾಯಾಲಯವು 2019ರ ಡಿಸೆಂಬರ್ 12ರಂದು, ಕ್ರಮವಿಧಿಯನ್ನು ಅವಲಂಬಿಸಿದ್ದರೂ ‘ತಾಂತ್ರಿಕ ಪರಿಣಾಮ’ ಅಥವಾ ‘ತಾಂತ್ರಿಕ ಕೊಡುಗೆ’ಯುಳ್ಳ ಆವಿಷ್ಕಾರವು ಪೇಟೆಂಟಿಗೆ ಅರ್ಹವಾಗಬಹುದೆಂದಿತು. 2023ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ಮೇಲ್ಮನವಿಯಲ್ಲಿಯೂ ಇದೇ ದೃಷ್ಟಿ ಮುಂದುವರಿಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ರೇಥಿಯಾನ್ ಪ್ರಕರಣದಲ್ಲಿ, ಹೊಸ ಯಂತ್ರಾಂಶ ಬೇಕೆಂಬ ಹಳೆಯ ಮಾನದಂಡವನ್ನು ಬಳಸುವುದು ತಪ್ಪೆಂದು ನ್ಯಾಯಾಲಯ ಹೇಳಿತು.

ವ್ಯವಹಾರ ವಿಧಾನಗಳ ಬಗ್ಗೆ ಮಾತ್ರ ಈ ಉದಾರತೆ ಇಲ್ಲ. 3(ಕೆ) ಕಲಮಿನಲ್ಲಿ ‘ಪರ್ ಸೇ’ ಎಂಬ ಸಡಿಲಿಕೆ ಗಣಕ ಕ್ರಮವಿಧಿಗೆ ಅಂಟಿಕೊಂಡಿದೆ, ವ್ಯವಹಾರ ವಿಧಾನಕ್ಕಲ್ಲ. 2011ರಲ್ಲಿ ಯಾಹೂ ಸಂಸ್ಥೆಯ ಅರ್ಜಿಯನ್ನು ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿಯು ತಳ್ಳಿಹಾಕಿದ್ದೂ, 2023ರಲ್ಲಿ ಓಪನ್‌ಟಿವಿ ಸಂಸ್ಥೆಯ ಮೇಲ್ಮನವಿಯನ್ನು ದೆಹಲಿ ಉಚ್ಚ ನ್ಯಾಯಾಲಯವು ಒಪ್ಪದಿದ್ದುದೂ ಈ ಕಾರಣಕ್ಕೇ. ಮೇಲ್ಮನವಿ ಮಂಡಳಿಯು 2021ರಲ್ಲಿ ರದ್ದಾಗಿದ್ದು, ಆ ಬಳಿಕ ಮೇಲ್ಮನವಿಗಳು ಉಚ್ಚ ನ್ಯಾಯಾಲಯಗಳಿಗೆ ಹೋಗುತ್ತವೆ.

ನಾಲ್ಕು ಉದಾಹರಣೆಗಳು

ಈ ತತ್ತ್ವಗಳನ್ನು ಸ್ಥಳೀಯ ಉದ್ಯಮಕ್ಕೆ ಅನ್ವಯಿಸಿ ನೋಡುವುದು ಉಪಯುಕ್ತ. ಕೆಳಗಿನ ನಾಲ್ಕೂ ಕಲ್ಪಿತ ಉದಾಹರಣೆಗಳು.

ಮೊದಲನೆಯದು, ಗಿರಣಿಯ ಲೆಕ್ಕದ ತಂತ್ರಾಂಶ. ಲಾಟುವಾರು ಭತ್ತದ ಆವಕ, ತೇವಾಂಶಕ್ಕೆ ತಕ್ಕ ಬೆಲೆ ಕಡಿತ, ಅಕ್ಕಿಯ ಇಳುವರಿಯ ಲೆಕ್ಕ ಇವೆಲ್ಲ ಎಷ್ಟೇ ಜಾಣ್ಮೆಯಿಂದ ರಚಿತವಾಗಿದ್ದರೂ ಮೂಲತಃ ಗಣಿತ ಹಾಗೂ ವ್ಯವಹಾರ ವಿಧಾನ. ಇದಕ್ಕೆ ಪೇಟೆಂಟ್ ದೊರೆಯುವ ಸಂಭವವಿಲ್ಲ. ಕೃತಿಸ್ವಾಮ್ಯ ದೊರೆಯುತ್ತದೆ.

ಎರಡನೆಯದು, ಪ್ರವಾಸಿಗರಿಗೆ ಕೊಠಡಿ, ವಾಹನ, ಹರಿಗೋಲಿನ ವಿಹಾರಗಳನ್ನು ಒಟ್ಟಿಗೆ ಕಾಯ್ದಿರಿಸಿ, ಬೇಡಿಕೆಗೆ ತಕ್ಕಂತೆ ದರವನ್ನು ಏರಿಳಿಸುವ ವ್ಯವಸ್ಥೆ. ಇದು ಶುದ್ಧ ವ್ಯವಹಾರ ವಿಧಾನ. ಅಂತರಜಾಲದ ಮೇಲೆ ನಡೆಯುತ್ತದೆಂಬ ಕಾರಣಕ್ಕೆ ಅದರ ಸ್ವರೂಪ ಬದಲಾಗದು.

ಮೂರನೆಯದು, ಬಣ್ಣ ವಿಂಗಡಣಾ ಯಂತ್ರದ ಸುಧಾರಣೆ. ಒಬ್ಬ ಉದ್ಯಮಿಯು ಕ್ಯಾಮೆರಾದ ಚಿತ್ರವನ್ನು ಸಂಸ್ಕರಿಸುವ ಹೊಸ ಕ್ರಮವೊಂದನ್ನು ರೂಪಿಸಿ, ಕಳಪೆ ಕಾಳಿನೊಂದಿಗೆ ಒಳ್ಳೆಯ ಕಾಳು ಹಾರಿಹೋಗುವುದನ್ನು ಗಮನಾರ್ಹವಾಗಿ ತಗ್ಗಿಸಿದನೆಂದು ಭಾವಿಸೋಣ. ಇಲ್ಲಿ ತಂತ್ರಾಂಶದ ಫಲ ಕಾಗದದ ಮೇಲಿನ ಅಂಕಿಯಲ್ಲ. ಗಾಳಿಯ ಕೊಳವೆ ಯಾವ ಕ್ಷಣಕ್ಕೆ ತೆರೆಯಬೇಕೆಂಬುದು ಅದರಿಂದ ತೀರ್ಮಾನವಾಗುತ್ತದೆ. ಇದು ತಾಂತ್ರಿಕ ಪರಿಣಾಮ. ಹೊಸತನ ಹಾಗೂ ಆವಿಷ್ಕಾರದ ಹೆಜ್ಜೆಯೂ ಇದ್ದಲ್ಲಿ ಪೇಟೆಂಟಿಗೆ ಅರ್ಜಿ ಸಲ್ಲಿಸಲು ಸಕಾರಣವುಂಟು.

ನಾಲ್ಕನೆಯದು, ದಾಳಿಂಬೆ ತೋಟದ ಮಣ್ಣಿನ ತೇವವನ್ನು ಅಳೆದು ನೀರಿನ ಕವಾಟವನ್ನು ತಾನೇ ತೆರೆದು ಮುಚ್ಚುವ ಸಾಧನ. ಇದೂ ಮೂರನೆಯ ವರ್ಗಕ್ಕೆ ಸೇರಬಹುದು. ಆದರೆ ಇಂಥ ಸಾಧನಗಳು ಈಗಾಗಲೇ ಬಳಕೆಯಲ್ಲಿರುವುದರಿಂದ ಅರ್ಜಿದಾರನು ಹಳೆಯದಕ್ಕಿಂತ ತನ್ನದು ಹೇಗೆ ಭಿನ್ನವೆಂಬುದನ್ನು ಸಾಬೀತುಪಡಿಸಬೇಕು. 3(ಕೆ) ಕಲಮನ್ನು ದಾಟಿದರೆ ಸಾಲದು. ಹೊಸತನವೆಂಬ ಎರಡನೆಯ ಹೊಸ್ತಿಲೂ ಇದೆ.

ಹೊರದೇಶಗಳ ಅನುಭವ

ಈ ತೊಡಕು ಭಾರತಕ್ಕೆ ಮಾತ್ರ ವಿಶಿಷ್ಟವಲ್ಲ. ಯುರೋಪಿನ ಪೇಟೆಂಟ್ ಒಡಂಬಡಿಕೆಯ 52ನೆಯ ವಿಧಿಯು ಗಣಕ ಕ್ರಮವಿಧಿಗಳನ್ನು ‘ಅವು ಅವುಗಳಾಗಿಯೇ’ ಇದ್ದಲ್ಲಿ ಹೊರಗಿಡುತ್ತದೆ. ಈ ಕುರಿತು ಏಕರೂಪದ ನಿರ್ದೇಶನವೊಂದನ್ನು ತರುವ ಯತ್ನವನ್ನು ಯುರೋಪಿನ ಸಂಸತ್ತು 2005ರ ಜುಲೈ 6ರಂದು 648 ಮತಗಳಿಂದ ತಿರಸ್ಕರಿಸಿತು. ಪರವಾಗಿ ಬಿದ್ದವು 14 ಮತಗಳು ಮಾತ್ರ. ಅಮೆರಿಕದಲ್ಲಿ 1998ರ ಸ್ಟೇಟ್ ಸ್ಟ್ರೀಟ್ ಪ್ರಕರಣದ ಬಳಿಕ ವ್ಯವಹಾರ ವಿಧಾನಗಳಿಗೂ ಪೇಟೆಂಟುಗಳು ದೊರೆಯತೊಡಗಿದ್ದವು. 2014ರ ಆಲಿಸ್ ಪ್ರಕರಣದಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು, ಅಮೂರ್ತ ಕಲ್ಪನೆಯೊಂದನ್ನು ಸಾಮಾನ್ಯ ಗಣಕಯಂತ್ರದ ಮೇಲೆ ನಡೆಸಿದ ಮಾತ್ರಕ್ಕೆ ಅದು ಪೇಟೆಂಟಿಗೆ ಅರ್ಹವಾಗದೆಂದು ಸಾರಿತು. ಭಾರತವು 2002ರಲ್ಲಿ ಎಳೆದ ಗೆರೆಯ ಸಮೀಪಕ್ಕೆ ಅಮೆರಿಕವು ಹನ್ನೆರಡು ವರ್ಷಗಳ ಸುತ್ತು ಹಾದಿಯ ನಂತರ ಬಂದಿತೆನ್ನಬಹುದು.

ಖಚಿತವಾದ ಹಕ್ಕು: ಕೃತಿಸ್ವಾಮ್ಯ

ಪೇಟೆಂಟ್ ದೊರೆಯದಿದ್ದರೆ ತಂತ್ರಾಂಶ ಅನಾಥವಾಗುವುದೆಂದು ಭಾವಿಸಬೇಕಿಲ್ಲ. 1984ರ ಹಾಗೂ 1994ರ ತಿದ್ದುಪಡಿಗಳಿಂದ ಗಣಕ ಕ್ರಮವಿಧಿಯು ಕೃತಿಸ್ವಾಮ್ಯ ಅಧಿನಿಯಮದಲ್ಲಿ ಸಾಹಿತ್ಯ ಕೃತಿಯ ಸ್ಥಾನ ಪಡೆದಿದೆ. ರಚನೆಯಾದೊಡನೆ ಹಕ್ಕು ಹುಟ್ಟುತ್ತದೆ; ನೋಂದಣಿ ಕಡ್ಡಾಯವಲ್ಲ. ಕರ್ತೃವಿನ ಜೀವಿತಾವಧಿ ಹಾಗೂ ನಂತರದ 60 ವರ್ಷಗಳ ಕಾಲ ಅದು ಇರುತ್ತದೆ. ಪೇಟೆಂಟಿನ ಅವಧಿಯಾದರೋ ಅರ್ಜಿಯ ದಿನದಿಂದ 20 ವರ್ಷ ಮಾತ್ರ. ನಕಲಿ ತಂತ್ರಾಂಶವೆಂದು ತಿಳಿದೂ ಬಳಸುವವರಿಗೆ 63ಬಿ ಕಲಮಿನಡಿ ಕನಿಷ್ಠ ಏಳು ದಿನಗಳಿಂದ ಮೂರು ವರ್ಷಗಳವರೆಗೆ ಸೆರೆವಾಸ ಹಾಗೂ 50,000ದಿಂದ 2 ಲಕ್ಷ ರೂಪಾಯಿಗಳವರೆಗೆ ದಂಡವನ್ನು ವಿಧಿಸಲು ಅವಕಾಶವಿದೆ. ಗಿರಣಿಯ ಕಚೇರಿಯಲ್ಲಿ ಪರವಾನಗಿಯಿಲ್ಲದ ಲೆಕ್ಕದ ತಂತ್ರಾಂಶವನ್ನು ನಡೆಸುವವರು ಇದನ್ನು ಗಮನಿಸಬೇಕು.

ಎರಡು ಹಕ್ಕುಗಳ ನಡುವೆ ಒಂದು ಮೂಲಭೂತ ವ್ಯತ್ಯಾಸವಿದೆ. ಕೃತಿಸ್ವಾಮ್ಯವು ಬರೆದ ರೂಪವನ್ನು ರಕ್ಷಿಸುತ್ತದೆ. ಅದರ ಹಿಂದಿನ ಕಲ್ಪನೆಯನ್ನಲ್ಲ. ಇನ್ನೊಬ್ಬನು ನಕಲು ಮಾಡದೆ ಸ್ವತಂತ್ರವಾಗಿ ಅದೇ ಕೆಲಸದ ತಂತ್ರಾಂಶವನ್ನು ಬರೆದರೆ ಅವನನ್ನು ತಡೆಯಲಾಗದು. ಪೇಟೆಂಟಿನಲ್ಲಿ ಹಾಗಲ್ಲ. ಪೇಟೆಂಟಿನ ವಿಷಯವೇ ತಿಳಿಯದೆ ಸ್ವಂತ ಬುದ್ಧಿಯಿಂದ ಅದನ್ನೇ ರೂಪಿಸಿದವನೂ ಉಲ್ಲಂಘನೆ ಮಾಡಿದಂತೆಯೇ. ತಂತ್ರಾಂಶ ಪೇಟೆಂಟುಗಳ ಕುರಿತ ವಾದವಿವಾದದ ತಿರುಳು ಇಲ್ಲಿದೆ. ಹೂಡಿಕೆ ಮಾಡಿ ಹೊಸದನ್ನು ಕಂಡುಹಿಡಿದ ಯಂತ್ರ ತಯಾರಕನಿಗೆ ಕೃತಿಸ್ವಾಮ್ಯದ ರಕ್ಷಣೆ ಸಾಲದೆನಿಸುವುದು ಸಹಜ. ಸಣ್ಣ ಊರಿನಲ್ಲಿ ಕುಳಿತು ತಂತ್ರಾಂಶ ಬರೆಯುವವನಿಗಾದರೋ, ಪೇಟೆಂಟುಗಳು ಮಿತಿಮೀರಿದರೆ ತಾನು ಬರೆದ ಪ್ರತಿಯೊಂದು ಸಾಲಿಗೂ ದೂರದ ಕಂಪನಿಯಿಂದ ನೋಟಿಸು ಬರುವ ಭಯ. 3(ಕೆ) ಕಲಮು ಈ ಇಬ್ಬರ ನಡುವೆ ತೂಕ ಹಿಡಿದಿದೆ. ತಕ್ಕಡಿ ಪ್ರತಿ ಬಾರಿಯೂ ನೇರವಾಗಿ ನಿಂತಿಲ್ಲವಾದರೂ ತಕ್ಕಡಿಯೇ ಬೇಡವೆನ್ನುವಂತಿಲ್ಲ.

ಹಣ ಕೊಟ್ಟವನೇ ಒಡೆಯನೇ?

ಉದ್ಯಮಿಗಳು ಹೆಚ್ಚಾಗಿ ಎಡವುವುದು ಈ ಪ್ರಶ್ನೆಯಲ್ಲಿ. ಗಂಗಾವತಿಯ ಒಬ್ಬ ಗಿರಣಿ ಮಾಲೀಕನು ಪರಿಚಯದ ತಂತ್ರಜ್ಞನೊಬ್ಬನಿಗೆ ಎರಡು ಲಕ್ಷ ರೂಪಾಯಿ ನೀಡಿ ತನ್ನ ಗಿರಣಿಗೆಂದೇ ತಂತ್ರಾಂಶವನ್ನು ಬರೆಸಿದನೆಂದು ಊಹಿಸೋಣ. ಮಾತೆಲ್ಲ ಬಾಯಿಯಲ್ಲಿಯೇ ಆಯಿತು. ವರ್ಷದ ಬಳಿಕ ಅದೇ ತಂತ್ರಾಂಶವನ್ನು ತಂತ್ರಜ್ಞನು ಎದುರು ಗಿರಣಿಗೂ ಮಾರಿದ. ಮಾಲೀಕನು ನ್ಯಾಯಾಲಯಕ್ಕೆ ಹೋದರೆ ಗೆಲ್ಲುವನೇ?

ಕಾನೂನಿನ ಉತ್ತರ ಅವನಿಗೆ ಹಿತಕರವಲ್ಲ. ಕೃತಿಸ್ವಾಮ್ಯ ಅಧಿನಿಯಮದ 17ನೆಯ ಕಲಮಿನ ಪ್ರಕಾರ, ಕರ್ತೃವೇ ಮೊದಲ ಒಡೆಯ. ಸಂಬಳದ ನೌಕರನು ತನ್ನ ನೌಕರಿಯ ಭಾಗವಾಗಿ ಬರೆದಿದ್ದರೆ, ವಿರುದ್ಧವಾದ ಕರಾರಿಲ್ಲದಿದ್ದಲ್ಲಿ, ಮಾಲೀಕನಿಗೆ ಒಡೆತನ ಬರುತ್ತದೆ. ಆದರೆ ಹೊರಗಿನ ಗುತ್ತಿಗೆದಾರನು ನೌಕರನಲ್ಲ. ಅವನು ಬರೆದದ್ದರ ಒಡೆತನ ಅವನಲ್ಲಿಯೇ ಉಳಿಯುತ್ತದೆ; ಹಣ ಕೊಟ್ಟವನಿಗೆ ದೊರೆಯುವುದು ಸಾಮಾನ್ಯವಾಗಿ ಬಳಸುವ ಅನುಮತಿ ಮಾತ್ರ. ಒಡೆತನ ವರ್ಗವಾಗಬೇಕಾದರೆ 19ನೆಯ ಕಲಮಿನಂತೆ ಲಿಖಿತ ಹಾಗೂ ಸಹಿ ಮಾಡಿದ ವರ್ಗಾವಣೆ ಪತ್ರ ಬೇಕು. ಆ ಪತ್ರದಲ್ಲಿ ಅವಧಿಯನ್ನು ನಮೂದಿಸದಿದ್ದರೆ ಐದೇ ವರ್ಷ, ಪ್ರದೇಶವನ್ನು ನಮೂದಿಸದಿದ್ದರೆ ಭಾರತ ಮಾತ್ರವೆಂದು ಕಾನೂನು ಭಾವಿಸುತ್ತದೆ. ಬೇರೆ ಷರತ್ತಿಲ್ಲದಿದ್ದಲ್ಲಿ, ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಚಲಾಯಿಸದಿದ್ದರೆ ಅದು ಅಳಿದುಹೋಗುವ ಅಪಾಯವೂ ಇದೆ.

ಪೇಟೆಂಟಿನ ಕನಸಿನಲ್ಲಿ ಮಗ್ನನಾದ ಉದ್ಯಮಿಯು ಒಂದು ಪುಟದ ಈ ಪತ್ರವನ್ನು ಮರೆಯುವುದೇ ದೊಡ್ಡ ನಷ್ಟಕ್ಕೆ ಕಾರಣ. ಆಕರ ಸಂಕೇತದ ಪ್ರತಿ ಯಾರ ವಶದಲ್ಲಿರಬೇಕು, ಗೋಪ್ಯತೆಯ ಹೊಣೆ ಯಾರದು ಎಂಬುದನ್ನೂ ಅದೇ ಪತ್ರದಲ್ಲಿ ಬರೆಯಿಸಿಕೊಳ್ಳಬಹುದು. ಭಾರತದಲ್ಲಿ ವ್ಯಾಪಾರ ರಹಸ್ಯಗಳಿಗೆಂದೇ ಪ್ರತ್ಯೇಕ ಅಧಿನಿಯಮವಿಲ್ಲದಿರುವುದರಿಂದ ಕರಾರೇ ಮುಖ್ಯ ಆಸರೆ.

ಲೆಕ್ಕಪತ್ರ ಮತ್ತು ತೆರಿಗೆ

ಹಕ್ಕಿನ ಸ್ವರೂಪವು ಲೆಕ್ಕಪುಸ್ತಕದಲ್ಲಿಯೂ ಪ್ರತಿಫಲಿಸಬೇಕು. ಅಮೂರ್ತ ಆಸ್ತಿಗಳ ಕುರಿತ 26ನೆಯ ಲೆಕ್ಕ ಮಾನದಂಡದ ಪ್ರಕಾರ, ಯಂತ್ರವೊಂದು ತನ್ನೊಳಗಿನ ತಂತ್ರಾಂಶವಿಲ್ಲದೆ ನಡೆಯದಿದ್ದರೆ ಆ ತಂತ್ರಾಂಶವು ಯಂತ್ರದ ಅಂಗವೇ, ಪ್ರತ್ಯೇಕ ಆಸ್ತಿಯಲ್ಲ. ಸಾರ್ಟೆಕ್ಸ್ ಯಂತ್ರ ಇದಕ್ಕೆ ಒಳ್ಳೆಯ ನಿದರ್ಶನ. ಪ್ರತ್ಯೇಕವಾಗಿ ಕೊಂಡ ಲೆಕ್ಕದ ತಂತ್ರಾಂಶವು ಅಮೂರ್ತ ಆಸ್ತಿ. ಸ್ವಂತವಾಗಿ ಅಭಿವೃದ್ಧಿಪಡಿಸಿದ್ದಾದರೆ ಸಂಶೋಧನೆಯ ಹಂತದ ವೆಚ್ಚವನ್ನು ಆಯಾ ವರ್ಷದ ಖರ್ಚಾಗಿಯೇ ಬರೆಯಬೇಕು. ಅಭಿವೃದ್ಧಿಯ ಹಂತದ ವೆಚ್ಚವನ್ನು ನಿಗದಿತ ಷರತ್ತುಗಳಿಗೆ ಒಳಪಟ್ಟು ಮಾತ್ರ ಆಸ್ತಿಯಾಗಿ ತೋರಿಸಬಹುದು.

ತಂತ್ರಾಂಶದ ಪ್ರತಿಯನ್ನು ಕೊಳ್ಳುವುದು ಬೇರೆ, ಅದರ ಕೃತಿಸ್ವಾಮ್ಯವನ್ನು ಕೊಳ್ಳುವುದು ಬೇರೆ ಎಂಬ ಭೇದವನ್ನು ಸ್ಥಾಪಿಸಿದ ಮಹತ್ವದ ವ್ಯಾಜ್ಯ ಕರ್ನಾಟಕದಿಂದಲೇ ಹೋದದ್ದು. ವಿದೇಶಿ ತಂತ್ರಾಂಶವನ್ನು ಆಮದು ಮಾಡಿಕೊಂಡಾಗ ತೆರುವ ಹಣ ‘ರಾಯಧನ’ವಾಗುತ್ತದೆಂದು ಕರ್ನಾಟಕ ಉಚ್ಚ ನ್ಯಾಯಾಲಯವು 2011ರಲ್ಲಿ ಸ್ಯಾಮ್ಸಂಗ್ ಪ್ರಕರಣದಲ್ಲಿ ತೀರ್ಮಾನಿಸಿತ್ತು. ಬೆಂಗಳೂರಿನ ಎಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಆಫ್ ಎಕ್ಸಲೆನ್ಸ್ ಸಂಸ್ಥೆ ಹಾಗೂ ಇತರರ ಮೇಲ್ಮನವಿಗಳಲ್ಲಿ ಸರ್ವೋಚ್ಚ ನ್ಯಾಯಾಲಯವು 2021ರ ಮಾರ್ಚ್ 2ರಂದು ಆ ನಿಲುವನ್ನು ತಳ್ಳಿಹಾಕಿತು. ಪುಸ್ತಕ ಕೊಂಡವನು ಪುಸ್ತಕದ ಹಕ್ಕನ್ನು ಕೊಂಡಂತಲ್ಲ. ಅದರಂತೆಯೇ ತಂತ್ರಾಂಶದ ಪ್ರತಿಗೆ ಕೊಟ್ಟ ಬೆಲೆ ಕೃತಿಸ್ವಾಮ್ಯಕ್ಕೆ ಕೊಟ್ಟ ರಾಯಧನವಲ್ಲವೆಂಬುದು ತೀರ್ಪಿನ ಸಾರ.

ಪೇಟೆಂಟಿಗೆ ಮಾತ್ರ ತೆರಿಗೆಯಲ್ಲಿ ಒಂದು ವಿಶೇಷ ರಿಯಾಯಿತಿಯನ್ನು ನೀಡಲಾಯಿತು. 1961ರ ಆದಾಯ ತೆರಿಗೆ ಅಧಿನಿಯಮಕ್ಕೆ 2016ರಲ್ಲಿ ಸೇರಿದ 115ಬಿಬಿಎಫ್ ಕಲಮು, ಭಾರತದಲ್ಲಿ ಅಭಿವೃದ್ಧಿಪಡಿಸಿ ಇಲ್ಲಿಯೇ ನೋಂದಾಯಿಸಿದ ಪೇಟೆಂಟಿನ ರಾಯಧನಕ್ಕೆ ಶೇಕಡ 10ರ ದರವನ್ನು ನಿಗದಿಪಡಿಸಿತು. ಅಭಿವೃದ್ಧಿ ವೆಚ್ಚದ ಕನಿಷ್ಠ ಶೇಕಡ 75ರಷ್ಟು ಭಾರತದಲ್ಲಿ ಆಗಿರಬೇಕು. ರಾಯಧನದಿಂದ ಖರ್ಚುಗಳನ್ನು ಕಳೆಯುವಂತಿಲ್ಲ. ಪೇಟೆಂಟುದಾರನು ‘ನಿಜವಾದ ಹಾಗೂ ಮೊದಲ ಆವಿಷ್ಕಾರಕ’ನಾಗಿರಬೇಕು. ಕೇವಲ ಕೃತಿಸ್ವಾಮ್ಯವುಳ್ಳ ತಂತ್ರಾಂಶದ ಆದಾಯಕ್ಕೆ ಈ ದರ ಅನ್ವಯಿಸುವುದಿಲ್ಲ. 1961ರ ಅಧಿನಿಯಮದ ಸ್ಥಾನಕ್ಕೆ 2026ರ ಏಪ್ರಿಲ್ 1ರಿಂದ ಜಾರಿಯಾಗುವಂತೆ 2025ರ ಆದಾಯ ತೆರಿಗೆ ಅಧಿನಿಯಮವು ರಚಿತವಾಗಿರುವುದರಿಂದ ಕಲಮುಗಳ ಸಂಖ್ಯೆಯನ್ನು ಹೊಸದಾಗಿ ನೋಡಿಕೊಳ್ಳಬೇಕು.

ಅರ್ಜಿ ಸಲ್ಲಿಸುವವರ ಗಮನಕ್ಕೆ

ಕರ್ನಾಟಕದ ಅರ್ಜಿದಾರರಿಗೆ ಚೆನ್ನೈನ ಪೇಟೆಂಟ್ ಕಚೇರಿಯೇ ಸೂಕ್ತ ಕಚೇರಿ. ವಿದ್ಯುನ್ಮಾನ ವಿಧಾನದಲ್ಲಿ ಸಲ್ಲಿಸಿದರೆ ವ್ಯಕ್ತಿಗಳಿಗೆ, ನವೋದ್ಯಮಗಳಿಗೆ ಹಾಗೂ ಸಣ್ಣ ಘಟಕಗಳಿಗೆ ಮೂಲ ಅರ್ಜಿ ಶುಲ್ಕ 1,600 ರೂಪಾಯಿ. ಇತರರಿಗೆ 8,000 ರೂಪಾಯಿ. ಪರಿಶೀಲನೆಯ ಕೋರಿಕೆಗೆ ಪ್ರತ್ಯೇಕ ಶುಲ್ಕವಾಗಿ ಕ್ರಮವಾಗಿ 4,000 ಮತ್ತು 20,000 ರೂಪಾಯಿ ತೆರಬೇಕು. ಇವಲ್ಲದೆ ಕರಡು ಸಿದ್ಧಪಡಿಸುವ ತಜ್ಞರ ಶುಲ್ಕವೂ ವಾರ್ಷಿಕ ನವೀಕರಣ ಶುಲ್ಕವೂ ಇವೆ. ಕಾಲವೂ ಒಂದು ವೆಚ್ಚವೇ. ಫರೀದ್ ಅಲ್ಲಾನಿಯವರ ಅರ್ಜಿಯು 2002ರಲ್ಲಿ ಸಲ್ಲಿಕೆಯಾಗಿ 2020ರಲ್ಲಿ ಮಾನ್ಯವಾಯಿತು. ಅಷ್ಟರಲ್ಲಿ 20 ವರ್ಷಗಳ ಅವಧಿಯ ಬಹುಪಾಲು ಕಳೆದುಹೋಗಿತ್ತು.

ಈ ಹಿನ್ನೆಲೆಯಲ್ಲಿ ಉದ್ಯಮಿಗಳು ಪಾಲಿಸಬಹುದಾದ ಕ್ರಮಗಳನ್ನು ಹೀಗೆ ಸಂಗ್ರಹಿಸಬಹುದು:

1. ಹೊರಗಿನವರಿಂದ ತಂತ್ರಾಂಶ ಬರೆಸುವ ಮುನ್ನವೇ ಕೃತಿಸ್ವಾಮ್ಯದ ಲಿಖಿತ ವರ್ಗಾವಣೆಯನ್ನು ಅವಧಿ, ಪ್ರದೇಶ ಹಾಗೂ ಪ್ರತಿಫಲಗಳ ಸ್ಪಷ್ಟ ನಮೂದಿನೊಂದಿಗೆ ಪಡೆಯಬೇಕು.

2. ಮುಖ್ಯ ತಂತ್ರಾಂಶಗಳ ಕೃತಿಸ್ವಾಮ್ಯವನ್ನು ನೋಂದಾಯಿಸುವುದು ಕಡ್ಡಾಯವಲ್ಲದಿದ್ದರೂ ವ್ಯಾಜ್ಯದಲ್ಲಿ ಸಾಕ್ಷ್ಯವಾಗಿ ನೆರವಾಗುತ್ತದೆ.

3. ಪೇಟೆಂಟಿನ ಯೋಚನೆಯಿದ್ದಲ್ಲಿ ಅರ್ಜಿಗೆ ಮೊದಲೇ ಯಂತ್ರವನ್ನು ಎಲ್ಲರಿಗೂ ತೋರಿಸಬಾರದು, ಮಾರಬಾರದು. ಬಹಿರಂಗವಾದ ಆವಿಷ್ಕಾರವು ಹೊಸತನವನ್ನು ಕಳೆದುಕೊಳ್ಳುತ್ತದೆ. ತಾತ್ಕಾಲಿಕ ವಿವರಣೆಯನ್ನು ಮೊದಲು ಸಲ್ಲಿಸಿ 12 ತಿಂಗಳೊಳಗೆ ಪೂರ್ಣ ವಿವರಣೆಯನ್ನು ಸಲ್ಲಿಸಲು ಅವಕಾಶವಿದೆ.

4. ಅರ್ಜಿಯಲ್ಲಿ ಕ್ರಮವಿಧಿಯ ವರ್ಣನೆಗಿಂತ ಅದು ಪರಿಹರಿಸುವ ತಾಂತ್ರಿಕ ಸಮಸ್ಯೆ ಮತ್ತು ಅದರಿಂದಾಗುವ ತಾಂತ್ರಿಕ ಪರಿಣಾಮಕ್ಕೆ ಒತ್ತು ನೀಡಬೇಕು. ಸಾಧ್ಯವಿರುವೆಡೆ ಪ್ರಯೋಗದ ಅಳತೆಗಳನ್ನು ಕಾಪಿಟ್ಟುಕೊಳ್ಳಬೇಕು.

5. ‘ಪೇಟೆಂಟ್ ಪಡೆದ ತಂತ್ರಾಂಶ’ ಎಂದು ಹೇಳಿ ಹೆಚ್ಚಿನ ಬೆಲೆ ಕೇಳುವ ಮಾರಾಟಗಾರನಿಂದ ಪೇಟೆಂಟ್ ಸಂಖ್ಯೆಯನ್ನು ಕೇಳಿ ಪಡೆದು, ಪೇಟೆಂಟ್ ಕಚೇರಿಯ ಸಾರ್ವಜನಿಕ ದಾಖಲೆಯಲ್ಲಿ ತಾಳೆ ನೋಡಬೇಕು. ಅರ್ಜಿ ಸಲ್ಲಿಸಿರುವುದೂ ಪೇಟೆಂಟ್ ಪಡೆದಿರುವುದೂ ಒಂದೇ ಅಲ್ಲ. ಪೇಟೆಂಟ್ ಇಲ್ಲದೆ ಇದೆಯೆಂದು ಬಿಂಬಿಸುವುದಕ್ಕೆ 120ನೆಯ ಕಲಮಿನಡಿ, 2023ರ ಜನ ವಿಶ್ವಾಸ ಅಧಿನಿಯಮದ ತಿದ್ದುಪಡಿಯ ಬಳಿಕ, 10 ಲಕ್ಷ ರೂಪಾಯಿಗಳವರೆಗೆ ದಂಡವುಂಟು.

6. ತಂತ್ರಾಂಶಕ್ಕೆ ಸಂಬಂಧಿಸಿದ ಖರೀದಿ ಪತ್ರ, ಪರವಾನಗಿ, ವರ್ಗಾವಣೆ ಪತ್ರಗಳನ್ನು ಜಮೀನಿನ ಕಾಗದಗಳಷ್ಟೇ ಜೋಪಾನವಾಗಿ ಒಂದೇ ಕಡತದಲ್ಲಿ ಇರಿಸಿ, ವರ್ಷಾಂತ್ಯದ ಲೆಕ್ಕ ಪರಿಶೋಧನೆಯ ವೇಳೆ ಆಸ್ತಿಗಳ ಪಟ್ಟಿಯೊಂದಿಗೆ ಹೋಲಿಸಿ ನೋಡಬೇಕು.

ಕಾನೂನು ತಂತ್ರಾಂಶದ ಸಂಕೇತಕ್ಕೆ ಕೃತಿಸ್ವಾಮ್ಯವನ್ನು ಕೊಟ್ಟಿದೆ, ತಂತ್ರಾಂಶವುಳ್ಳ ನಿಜವಾದ ತಾಂತ್ರಿಕ ಆವಿಷ್ಕಾರಕ್ಕೆ ಪೇಟೆಂಟಿನ ಬಾಗಿಲನ್ನು ತೆರೆದಿರಿಸಿದೆ, ವ್ಯವಹಾರದ ಜಾಣ್ಮೆಯನ್ನು ಎಲ್ಲರ ಬಳಕೆಗೂ ಬಿಟ್ಟಿದೆ. ತನ್ನ ಆಸ್ತಿ ಈ ಮೂರರಲ್ಲಿ ಯಾವ ಪಾಲಿಗೆ ಸೇರುತ್ತದೆಂಬುದನ್ನು ಹಣ ಹೂಡುವ ಮೊದಲೇ ಅರಿಯುವ ಉದ್ಯಮಿಗೆ, ಕಟ್ಟಿದ ಮೇಲೆ ಕೆಡವುವ ಪ್ರಮೇಯ ಬಾರದು.